ಬಿಳಿ ಸೆರಗು ಬರೀ ‘ಉಷ್ಣ’ ಅಲ್ಲ

ಮಾನ್ಯರೇ,

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ನಮ್ಮ ನಡುವೆ ಬಿಳಿ ಸೆರಗು ಎಂದರೆ ಒಂದೇ ಉತ್ತರ: ‘ಉಷ್ಣ ಆಗಿದೆ, ಎಳನೀರು ಕುಡಿ.’ ನನ್ನ ತಂಗಿಯೂ ಎರಡು ತಿಂಗಳು ಹಾಗೇ ಕಳೆದಳು. ಕಿಬ್ಬೊಟ್ಟೆ ನೋವು ತಡೆಯಲಾಗದೆ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಸೋಂಕು ಗರ್ಭಕೋಶಕ್ಕೆ ಏರಿತ್ತು.

ಕೆಟ್ಟ ವಾಸನೆ, ತುರಿಕೆ ಇಲ್ಲದ ತೆಳ್ಳನೆಯ ಬಿಳುಪು ಸಹಜ. ಒಡೆದ ಮೊಸರಿನಂತಿದ್ದು ತುರಿಕೆಯೂ ಜಾಸ್ತಿ ಇದ್ದರೆ ಹೆಚ್ಚಾಗಿ ಅದು ಫಂಗಸ್. ಸಕ್ಕರೆ ಕಾಯಿಲೆ ಇದ್ದವರಿಗೆ, ಬಸುರಿಯರಿಗೆ, ಆ್ಯಂಟಿಬಯಾಟಿಕ್ ತಗೊಂಡವರಿಗೂ ಬರುತ್ತದೆ. ನಡತೆಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಅತ್ತೆಯಂದಿರು, ಗಂಡಂದಿರು ದಯವಿಟ್ಟು ಕೇಳಿಸಿಕೊಳ್ಳಬೇಕು.

ಹಳದಿ ಅಥವಾ ಹಸಿರು ಬಣ್ಣ, ಮೀನಿನ ವಾಸನೆ, ಉರಿಮೂತ್ರ, ಹುಣ್ಣು ಕಂಡರೆ ತಡ ಮಾಡಬೇಡಿ. ಲೈಂಗಿಕ ಸಂಪರ್ಕದಿಂದ ಅಂಟುವ ಸಿಫಿಲಿಸ್ ರೋಗದ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದೇ ಇಲ್ಲ. ಕೆಲವು ವಾರಗಳಲ್ಲಿ ತಾನಾಗೇ ಮಾಯುತ್ತದೆ, ರೋಗ ಒಳಗೇ ಉಳಿಯುತ್ತದೆ. ಹಾಗೇ ಅಂಟುವ ಇನ್ನೊಂದು ಸೋಂಕು ಕ್ಲಮೈಡಿಯಾ ಅಂತೂ ಎಷ್ಟೋ ಹೆಂಗಸರಿಗೆ ಗೊತ್ತೇ ಆಗುವುದಿಲ್ಲ. ಸುಮ್ನೆ ಬಿಟ್ಟರೆ ಗರ್ಭನಾಳ ಕಟ್ಟಿಕೊಂಡು ಮಕ್ಕಳಾಗುವುದೇ ಕಷ್ಟವಾಗಬಹುದು. ಇಂಥ ಸೋಂಕಿಗೆ ಹೆಂಡತಿ ಒಬ್ಬಳೇ ಮಾತ್ರೆ ನುಂಗಿದರೆ ಸಾಲದು. ಗಂಡನಿಗೂ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಮತ್ತೆ ಅಂಟುತ್ತದೆ ಅಲ್ವಾ?

ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇದಕ್ಕೆ ಉಚಿತ ಔಷಧಿ ಇದೆ. ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ ಗುಟ್ಟಾಗಿ ಕೇಳಬಹುದು. ಕಾರ್ಖಾನೆಗಳ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಇಷ್ಟನ್ನು ಕನ್ನಡದಲ್ಲಿ ಬರೆದು ಅಂಟಿಸುವಂತೆ ಆರೋಗ್ಯ ಇಲಾಖೆ ಹೇಳಲಿ.

– ಗಾರ್ಮೆಂಟ್ಸ್ ಕೆಲಸಗಾರ್ತಿ, ಪೀಣ್ಯ, ಬೆಂಗಳೂರು