ಡಿಕ್ಕಿಯ ಹೊಣೆ ಯಾರದು?

ಮಾನ್ಯರೇ,

ಫಾರ್ಮುಲಾ ಒನ್ ರೇಸ್‌ಗಳಲ್ಲಿ ಡಿಕ್ಕಿ ಸಂಭವಿಸಿದಾಗಲೆಲ್ಲ ಒಂದೇ ವಿಡಿಯೊ ತುಣುಕು ನೋಡಿ ಒಬ್ಬ ಚಾಲಕನನ್ನು ತಪ್ಪಿತಸ್ಥನೆಂದು ಸಾರುವ ವರದಿಗಳು ಸರಿಯಲ್ಲ. ಮುಂದಿನ ಕಾರಿನ ಬೆನ್ನಿಗೇ ಅಂಟಿಕೊಂಡು ಸಾಗುವ ಕಾರಿಗೆ ಸಿಗುವುದು ಕದಡಿದ ಗಾಳಿ. ಮುಂಭಾಗದ ರೆಕ್ಕೆ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ಬಲ ಅದರಿಂದ ಕುಗ್ಗುತ್ತದೆ. ಆಗ ಎಂದಿನ ಜಾಗದಲ್ಲೇ ಬ್ರೇಕ್ ಒತ್ತಿದರೂ ಮುಂದಿನ ಚಕ್ರ ಲಾಕ್ ಆಗಿ (ತಿರುಗುವುದು ನಿಂತು), ಕಾರು ತಿರುವಿನಲ್ಲಿ ಹೊರಕ್ಕೆ ಜಾರಬಹುದು. ಅಪಘಾತದಂಥ ಸಂದರ್ಭದಲ್ಲಿ ಎಲ್ಲರ ವೇಗ ತಗ್ಗಿಸಲು ಮುಂದೆ ಬಿಡುವ ಸೇಫ್ಟಿ ಕಾರಿನ ಹಿಂದೆ ನಿಧಾನವಾಗಿ ಸಾಗಿದ ಮೇಲಂತೂ ಟೈರು, ಕಾರ್ಬನ್ ಬ್ರೇಕು ಎರಡೂ ತಣ್ಣಗಾಗಿ ಹಿಡಿತ ಇನ್ನಷ್ಟು ಕಡಿಮೆ. ಟಿ.ವಿ.ಯಲ್ಲಿ ಇದೆಲ್ಲ ಬರೀ ದುಡುಕಿನಂತೆ ಕಾಣುತ್ತದೆ! ಹಾಗೆಂದು ಚಾಲಕ ನಿರಪರಾಧಿ ಎಂದಲ್ಲ. ಗಾಳಿ ಕದಡಿರುತ್ತದೆಂದು ತಿಳಿದೂ ಕೆಲವು ಮೀಟರ್ ಮೊದಲೇ ಬ್ರೇಕ್ ಒತ್ತದಿದ್ದರೆ ಅದು ಅವನ ಲೆಕ್ಕಕ್ಕೇ ಸೇರುತ್ತದೆ.

2021ರಲ್ಲಿ ಬ್ರಿಟನ್ನಿನ ಸಿಲ್ವರ್‌ಸ್ಟೋನ್ ಟ್ರ್ಯಾಕ್‌ನ ರೇಸ್‌ನಲ್ಲಿ ಮೊದಲ ಸುತ್ತಿನಲ್ಲೇ ಚಾಲಕರಾದ ಹ್ಯಾಮಿಲ್ಟನ್ ಮತ್ತು ವರ್ಸ್ಟಾಪನ್ ಕಾರುಗಳು ತಾಗಿದವು. ಹ್ಯಾಮಿಲ್ಟನ್ ‘ಪ್ರಧಾನವಾಗಿ’ ಹೊಣೆ ಎಂದು ಸ್ಟೀವರ್ಡ್‌ಗಳು (ರೇಸ್‌ನ ತೀರ್ಪುಗಾರರು) ಹೇಳಿದರೇ ಹೊರತು ‘ಸಂಪೂರ್ಣವಾಗಿ’ ಎನ್ನಲಿಲ್ಲ. ವಿಧಿಸಿದ ದಂಡ 10 ಸೆಕೆಂಡು. ಅಭಿಮಾನಿಗಳ ವಾಗ್ವಾದದಲ್ಲಿ ಮೊದಲು ಮರೆಯಾಗುವುದು ಇಂಥ ಒಂದು ಪದವೇ.

ಆದ್ದರಿಂದ ರೇಸ್ ವರದಿಯ ಜೊತೆಗೆ ಸ್ಟೀವರ್ಡ್‌ಗಳ ತೀರ್ಪಿನ ಸಾರವನ್ನೂ, ಎರಡೂ ಕಾರುಗಳ ಕ್ಯಾಮೆರಾದಲ್ಲಿ ಕಂಡದ್ದನ್ನೂ, ಲಭ್ಯವಿದ್ದರೆ ಬ್ರೇಕ್ ಮತ್ತು ಸ್ಟೀರಿಂಗ್ ದತ್ತಾಂಶವನ್ನೂ ಪ್ರಕಟಿಸಬೇಕು. ತೀರ್ಪು ಹೊರಬೀಳುವವರೆಗೆ ತಲೆಬರಹದಲ್ಲಿ ‘ಡಿಕ್ಕಿ’ ಎಂದರೆ ಸಾಕು, ‘ತಪ್ಪು’ ಬೇಡ.

– ಓದುಗ