ಸದಸ್ಯರ ಗಮನಕ್ಕೆ: ಸ್ಪೈಡರ್‌ನ ಹಿಂದಿನ ಟೈರು

ಆತ್ಮೀಯ ಸದಸ್ಯರೇ,

ಮುಂದೆ ಎರಡು, ಹಿಂದೆ ಒಂದು ಚಕ್ರವಿರುವ ಕ್ಯಾನ್-ಆಮ್ ಸ್ಪೈಡರ್ ವಾಹನವು ತಿರುವಿನಲ್ಲಿ ಬೈಕಿನಂತೆ ವಾಲುವುದಿಲ್ಲ. ಎಂಜಿನ್ನಿನ ಬಲವೆಲ್ಲ ಹಿಂದಿನ ಒಂದೇ ಚಕ್ರದ ಮೂಲಕ ರಸ್ತೆಗಿಳಿಯುವುದರಿಂದ ಆ ಟೈರು ಮುಂದಿನ ಎರಡಕ್ಕಿಂತ ಮೊದಲೇ, ಹೆಚ್ಚಾಗಿ ನಡುಭಾಗದಲ್ಲಿ, ಸವೆಯುತ್ತದೆ. ಅಂಚಿನ ಗೆರೆಗಳು ಆಳವಾಗಿವೆಯೆಂದು ಸಮಾಧಾನಪಡದೆ, ದಯವಿಟ್ಟು ನಡುವಿನ ಸವೆತದ ಗುರುತನ್ನೇ ಪರೀಕ್ಷಿಸಿ. ಮುಂದಿನ ಟೈರಿನ ಒಂದೇ ಅಂಚು ಸವೆದಿದ್ದರೆ, ಹೊಸದನ್ನು ಹಾಕಿಸುವ ಮೊದಲು ಚಕ್ರಗಳ ಅಲೈನ್‌ಮೆಂಟ್ (ಅವು ನಿಲ್ಲುವ ಕೋನ ಮತ್ತು ದಿಕ್ಕು) ಸರಿಪಡಿಸಿಕೊಳ್ಳಬೇಕು.

ಹಿಂದಿನ ಚಕ್ರಕ್ಕೆ ಮೂಲ ಟೈರಿನದೇ ಆದ 225/50 ಆರ್ 15 ಅಳತೆಯ ಕಾರಿನ ಟೈರನ್ನು ಹಲವರು ಹಾಕಿಸುತ್ತಾರೆ. ತಯಾರಕರು ತಾವು ಸೂಚಿಸಿದ ಟೈರನ್ನೇ ಬಳಸಲು ಹೇಳುತ್ತಾರೆ ಎಂಬುದು ನೆನಪಿರಲಿ. ಆದರೂ ಬದಲಿಸುವವರು ಭಾರ ಹೊರುವ ಸಾಮರ್ಥ್ಯ ಕಡಿಮೆಯಾಗದಂತೆಯೂ ಹೊರವ್ಯಾಸ ವ್ಯತ್ಯಾಸವಾಗದಂತೆಯೂ ನೋಡಿಕೊಳ್ಳಬೇಕು. ಏಕೆಂದರೆ ವಾಹನದ ಸ್ಥಿರತಾ ನಿಯಂತ್ರಣ ವ್ಯವಸ್ಥೆಯು ಚಕ್ರಗಳ ವೇಗದ ಲೆಕ್ಕವನ್ನು ಅವಲಂಬಿಸಿದೆ; ಹೊರವ್ಯಾಸ ಬದಲಾದರೆ ಆ ಲೆಕ್ಕ ತಪ್ಪುತ್ತದೆ. ನನ್ನ ದೃಷ್ಟಿಯಲ್ಲಿ, ಹೆಚ್ಚು ಬಾಳಿಕೆಗಿಂತ ಒದ್ದೆ ರಸ್ತೆಯ ಹಿಡಿತವೇ ಮುಖ್ಯ.