ಉಪ್ಪಿನಕಾಯಿ ಭರಣಿಯೂ ಕಲೆಯ ವಸ್ತು

ಮಾನ್ಯ ಸಂಪಾದಕರೇ,

ಸೆರಾಮಿಕ್ ಕಲೆಯೆಂದರೆ ಹೂದಾನಿಯಷ್ಟೇ ಎಂಬ ತಿಳಿವಳಿಕೆ ಬದಲಾಗಬೇಕು. ಅಮೆರಿಕದ ಜೂಡಿ ಶಿಕಾಗೊ 1974ರಿಂದ 1979ರವರೆಗೆ ಹಲವರ ನೆರವಿನಿಂದ ರೂಪಿಸಿದ ಪ್ರತಿಷ್ಠಾಪನಾ ಕಲಾಕೃತಿಯಲ್ಲಿ, ತ್ರಿಕೋನಾಕಾರದ ಊಟದ ಮೇಜಿನ ಮೇಲೆ ಇತಿಹಾಸ, ಪುರಾಣಗಳ 39 ಮಹಿಳೆಯರಿಗಾಗಿ ಪಿಂಗಾಣಿ ತಟ್ಟೆಗಳಿದ್ದು, ನೆಲದ ಬಿಲ್ಲೆಗಳ ಮೇಲೆ ಇನ್ನೂ 999 ಹೆಸರುಗಳಿವೆ. ಬಡಿಸುತ್ತಲೇ ಬದುಕು ಸವೆಸಿದ ಹೆಣ್ಣಿಗೆ ಅಲ್ಲಿ ಪಂಕ್ತಿಯ ಗೌರವ ಸಿಕ್ಕಿದೆ.

ಶಿರಸಿಯ ನಮ್ಮ ಮನೆಯ ಅಟ್ಟದಲ್ಲಿ ಅಜ್ಜಿಯ ಭರಣಿಯೊಂದಿದೆ. ವರ್ಷ ವರ್ಷವೂ ಅಪ್ಪೆಮಿಡಿ ತುಂಬಿ, ಬಟ್ಟೆ ಸುತ್ತಿ ಹುರಿ ಬಿಗಿದ ಅದರ ಕಂಠದಲ್ಲಿ ಹೊಳಪು ಮಾಸಿ, ಬೆರಳಿಗೆ ಒರಟು ತಗಲುತ್ತದೆ. ಆ ಒರಟನ್ನು ಕಲೆಯಾಗಿಸಬಲ್ಲ ಹೆಣ್ಣುಮಕ್ಕಳು ನಮ್ಮ ಜಿಲ್ಲೆಯಲ್ಲಿದ್ದಾರೆಂದು ನಾನು ನಂಬಿದ್ದೇನೆ. ಅವರಿಗಾಗಿ ಶಿರಸಿಯಲ್ಲೋ ಕಾರವಾರದಲ್ಲೋ ಮಣ್ಣಿನ ವಸ್ತುಗಳನ್ನು ಸುಡುವ ಸಾರ್ವಜನಿಕ ವಿದ್ಯುತ್ ಆವಿಗೆಯನ್ನೂ ಪ್ರದರ್ಶನಕ್ಕೆ ಒಂದು ಕೊಠಡಿಯನ್ನೂ ಸಂಬಂಧಪಟ್ಟವರು ಒದಗಿಸಬೇಕೆಂದು ಕೋರುತ್ತೇನೆ.

– ಓದುಗಳೊಬ್ಬಳು, ಶಿರಸಿ